ಕಛೇರಿಗೂ ಮುಂಚಿನ ಬೆಳಗು



ಈಚೆಗೆ ಒಂದು ಬಗೆಯ ಕರೆಯೋಲೆಗಳು ನಮ್ಮ ಕಡೆಗೂ ಬರುತ್ತಿವೆ. ಐದಾರು ದಿನ ಊರ ಗದ್ದಲ ಬಿಟ್ಟು ಎಲ್ಲೋ ಒಂದು ಕಡೆ ಉಳಿಯುವುದು, ಬೆಳಿಗ್ಗೆ ಧ್ಯಾನ, ಆಮೇಲೆ ಬೇರೆ ಬೇರೆ ದೇಶಗಳ ವಾದ್ಯ, ಹಾಡು, ಕುಣಿತಗಳ ಕಲಿಕೆ, ಸಂಜೆಗೆ ಕಛೇರಿ. ಜಗತ್ತಿನ ಸಂಗೀತ ಮತ್ತು ಅಧ್ಯಾತ್ಮ ಎರಡನ್ನೂ ಒಂದೇ ಚಪ್ಪರದಡಿ ತರುವ ಶಿಬಿರಗಳು ಇವು. ನಮ್ಮ ಬ್ರೂಸ್‌ಪೇಟೆಯಲ್ಲಿ ಒಬ್ಬ ತಾಯಿ ತನ್ನ ಮಗಳಿಗೆ ಬಂದ ಇಂಥ ಕರೆಯೋಲೆಯನ್ನು ಮೊಬೈಲಿನಲ್ಲಿ ತೋರಿಸಿ, "ಕಳಿಸಬೇಕೋ ಬ್ಯಾಡವೋ ಹೇಳ್ರಿ" ಎಂದು ಕೇಳಿದರು. ಆ ಹುಡುಗಿ ವಯೊಲಿನ್ ಕಲಿಯುತ್ತಾಳೆ. ಅವರಿಗೆ ಕೊಟ್ಟ ಉತ್ತರವನ್ನೇ ಸ್ವಲ್ಪ ಬಿಡಿಸಿ ಇವತ್ತು ನಿಮ್ಮ ಮುಂದೆ ಇಡುತ್ತೇನೆ.

ನಾನು ಹೇಳಿದ್ದು ಇಷ್ಟು. ಸಂಜೆ ಯಾರ ಕಛೇರಿ ಇದೆ ಎಂಬುದನ್ನು ಆಮೇಲೆ ನೋಡೋಣ, ಮೊದಲು ಬೆಳಗಿನ ಹೊತ್ತು ಯಾರು ಪಾಠ ಹೇಳುತ್ತಾರೆ ನೋಡಿ. ಎಷ್ಟು ಹೊತ್ತು, ಎಷ್ಟು ಜನರಿಗೆ, ನೆಲದ ಮೇಲೆ ಕೂತೋ, ವೇದಿಕೆಯ ಮೇಲಿಂದಲೋ ವಿಚಾರಿಸಿ. ಕಲಿಸಿದವರೂ ಕಲಿತವರೂ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಾರೋ ಕೇಳಿ. ಇವಕ್ಕೆ ಸರಿಯಾದ ಉತ್ತರ ಸಿಕ್ಕರೆ ಮಗಳನ್ನು ಕಣ್ಣು ಮುಚ್ಚಿ ಕಳಿಸಿ.

ಹೀಗೆ ಹೇಳುವುದಕ್ಕೆ ಕಾರಣ ಇದೆ. ಬಳ್ಳಾರಿ, ವಿಜಯನಗರ ಎರಡೂ ಜಿಲ್ಲೆಗಳಲ್ಲಿ ಉತ್ಸವಗಳಿಗೆ ಕೊರತೆಯಿಲ್ಲ. ಹಂಪಿ ಉತ್ಸವದ ವೇದಿಕೆಗಳ ಮೇಲೆ ದೇಶದ ದೊಡ್ಡ ದೊಡ್ಡ ಕಲಾವಿದರು ಬಂದು ಹಾಡಿ ಹೋಗಿದ್ದಾರೆ. ಕುರುಗೋಡಿನ ದೊಡ್ಡ ಬಸವೇಶ್ವರನ ಜಾತ್ರೆ ಇದೆ, ಸಿರುಗುಪ್ಪದ ಸುತ್ತಿನ ಹಳ್ಳಿಗಳಲ್ಲಿ ಸುಗ್ಗಿ ಮುಗಿದ ಮೇಲೆ ರಾತ್ರಿಯಿಡೀ ಬಯಲಾಟ ಇದೆ. ಸಂಜೆ ತುಂಬಿದೆ, ರಾತ್ರಿಯೂ ತುಂಬಿದೆ. ಬೆಳಿಗ್ಗೆ ಮಾತ್ರ ಬರಿದು. ಅಷ್ಟು ದೂರದಿಂದ ಬಂದ ಸಿತಾರಿನವರು ಮರುದಿನ ಬೆಳಿಗ್ಗೆ ಒಂದು ಮರದ ನೆರಳಿನಲ್ಲಿ ಹತ್ತು ಹುಡುಗರನ್ನು ಕೂರಿಸಿಕೊಂಡು ಒಂದು ರಾಗದ ನಡೆ ಹೇಳಿಕೊಟ್ಟು ಹೋಗಿದ್ದರೆ, ಆ ಹತ್ತರಲ್ಲಿ ಇಬ್ಬರ ಬದುಕಾದರೂ ಬೇರೆ ದಾರಿ ಹಿಡಿಯುತ್ತಿತ್ತು. ಅವರು ಬೆಳಗಿನ ಗಾಡಿಗೆ ಹೊರಟುಬಿಡುತ್ತಾರೆ. ನಾವು ಶಾಮಿಯಾನದ ಕುರ್ಚಿ ಎಣಿಸಿ ಹಿಂದಕ್ಕೆ ಕಳಿಸುತ್ತೇವೆ.

ಸಂಗೀತಕ್ಕಾಗಿ ಜನ ಒಂದೆಡೆ ಸೇರುವುದು ಈ ನೆಲಕ್ಕೆ ಹೊಸದಲ್ಲ. ಎಷ್ಟು ಹಳೆಯದು ಎಂದರೆ ಹೇಳುವ ನನಗೇ ಮೈ ಝುಮ್ ಎನ್ನುತ್ತದೆ. ಬಳ್ಳಾರಿಯಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ ಸಂಗನಕಲ್ಲು, ಕುಪ್ಪಗಲ್ಲು ಎಂಬ ಊರುಗಳಿವೆ. ಅಲ್ಲಿಯ ಹಿರೇಗುಡ್ಡ, ಸಣ್ಣರಾಚಮ್ಮನ ಗುಡ್ಡ, ಚೌಡಮ್ಮನ ಗುಡ್ಡ ಇವೆಲ್ಲ ಹೊಸ ಶಿಲಾಯುಗದ ಜನ ಬಾಳಿದ ಜಾಗ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1872ರಲ್ಲಿ ಇಲ್ಲಿ ಕಲ್ಲಿನ ಕೊಡಲಿಗಳನ್ನು ತಯಾರಿಸುತ್ತಿದ್ದ ನೆಲೆಯನ್ನು ಗುರುತಿಸಿದರು. ಅವರ ಹೆಸರಿನ ಪ್ರಾಕ್ತನ ವಸ್ತುಸಂಗ್ರಹಾಲಯ ಈಗ ನಮ್ಮ ಊರಿನಲ್ಲೇ ಇದೆ. ಆಮೇಲೆ ಬೆಂಡಪೂಡಿ ಸುಬ್ಬರಾವ್ 1940ರ ದಶಕದಲ್ಲಿ, ಅನ್ಸಾರಿ ಮತ್ತು ಎಂ.ಎಸ್. ನಾಗರಾಜರಾವ್ 1960ರ ದಶಕದಲ್ಲಿ ಅಗೆದು ನೋಡಿದರು. ನಮ್ಮ ಕಾಲಕ್ಕೆ ರವಿ ಕೋರಿಶೆಟ್ಟರ್ ಮತ್ತು ಅವರ ಜೊತೆಗಾರರು ಅದೇ ಕೆಲಸವನ್ನು ಮುಂದುವರಿಸಿದರು.

ಹಿರೇಗುಡ್ಡದ ಮೈಯಲ್ಲಿ ಕಪ್ಪು ಕಲ್ಲಿನ ಒಂದು ಪಟ್ಟಿ ಏರಿ ಹೋಗಿದೆ. ಸುತ್ತ ಎಲ್ಲ ಬಿಳಿಚಿದ ಗ್ರಾನೈಟ್, ನಡುವೆ ಇದೊಂದು ಕಡುಗಪ್ಪು. ಡಾಲರೈಟ್ ಎನ್ನುತ್ತಾರೆ. ಆ ಕರಿಬಂಡೆಗಳ ಮೇಲೆ ಕುಟ್ಟಿ ಮೂಡಿಸಿದ ಚಿತ್ರಗಳು: ಉದ್ದ ಕೊಂಬಿನ ಗೂಳಿಗಳು, ಮನುಷ್ಯರು. 1892ರಲ್ಲೇ ಫಾಸೆಟ್ ಎಂಬವರು ಈ ಚಿತ್ರಗಳ ಬಗ್ಗೆ ಬರೆದಿದ್ದರು. ಆಮೇಲೆ ಬಹುಕಾಲ ಹೆಚ್ಚು ಜನ ಅತ್ತ ನೋಡಲಿಲ್ಲ. ಈ ಶತಮಾನದ ಮೊದಲಲ್ಲಿ ಪುರಾತತ್ವಜ್ಞೆ ನಿಕೋಲ್ ಬೋಯ್ವಿನ್ ಅವರು ಮತ್ತೆ ಆ ಗುಡ್ಡ ಹತ್ತಿ, 2004ರಲ್ಲಿ ಆಂಟಿಕ್ವಿಟಿ ಪತ್ರಿಕೆಯಲ್ಲಿ ಬರೆದ ಲೇಖನದಲ್ಲಿ ಚಿತ್ರಗಳ ಜೊತೆಗೆ ಇನ್ನೊಂದು ಸಂಗತಿಯನ್ನು ಜಗತ್ತಿನ ಮುಂದಿಟ್ಟರು. ಅಲ್ಲಿಯ ಕೆಲವು ಬಂಡೆಗಳು ಹಾಡುತ್ತವೆ. ಗ್ರಾನೈಟಿನ ಸಣ್ಣ ಕಲ್ಲಿನಿಂದ ಬಡಿದರೆ ಜಾಗಟೆಯಂಥ ನಾದ ಬರುತ್ತದೆ. ಬಡಿದು ಬಡಿದು ಆ ಬಂಡೆಗಳ ಮೇಲೆ ಗುಳಿಗಳು ಬಿದ್ದಿವೆ.

ನಾನು ಆ ಗುಡ್ಡ ಹತ್ತಿದಾಗ ಕುರಿ ಕಾಯುವ ಹುಡುಗನೊಬ್ಬ ಜೊತೆಗೆ ಬಂದ. ಮೊದಲು ಸಿಕ್ಕ ಕರಿಬಂಡೆಯನ್ನು ನಾನು ಬೆರಳ ಗೆಣ್ಣಿನಿಂದ ತಟ್ಟಿ ನೋಡುತ್ತಿದ್ದಾಗ, "ಅದು ಮಾತಾಡಂಗಿಲ್ರಿ ಸಾರ್, ಮಣ್ಣಾಗ ಕುಂತೈತಿ. ಮ್ಯಾಲಿಂದು ಮಾತಾಡ್ತೈತ್ರಿ" ಎಂದ. ಅವನು ತೋರಿಸಿದ ಬಂಡೆ ಕೆಳಗಿನ ಎರಡು ಮೂರು ಕಲ್ಲುಗಳ ಮೇಲೆ ಅಷ್ಟಕ್ಕಷ್ಟೇ ತಾಗಿ ನಿಂತಿತ್ತು. ಅಡಿಯಲ್ಲಿ ಕೈ ತೂರಿಸುವಷ್ಟು ಸಂದು. ಮೇಲೆ ಅಂಗೈಯಗಲದ ಒಂದು ಗುಳಿ. ಬೆರಳಾಡಿಸಿದರೆ ಸುತ್ತಲಿನ ಒರಟು ಮುಗಿದು ಒಳಗೆ ನುಣ್ಣಗೆ. ಹುಡುಗ ಒಂದು ಬೆಣಚುಗಲ್ಲನ್ನು ಮೆತ್ತಗೆ ಒಂದೇ ಸಲ ಆ ಗುಳಿಯೊಳಗೆ ಬಿಟ್ಟ. ಕಲ್ಲಿಗೆ ಕಲ್ಲು ತಗುಲಿದ ಸದ್ದು ಬರಬೇಕಿತ್ತಲ್ಲ, ಬಂದದ್ದು ಲೋಹದ ನಾದ. ನಾನು ಬಂಡೆಯ ಮೇಲೆ ಅಂಗೈ ಇಟ್ಟಿದ್ದೆ. ಕಿವಿಗೆ ಕೇಳುವುದು ನಿಂತ ಮೇಲೂ ಅದು ಕೈಗೆ ಕೇಳುತ್ತಿತ್ತು.

ಆ ಹುಡುಗ ಹೇಳಿದ್ದರಲ್ಲೇ ಇದರ ಗುಟ್ಟು ಇದೆ. ಕಲ್ಲು ಗಟ್ಟಿಯಾಗಿ, ಒಳಗೆ ಬಿರುಕಿಲ್ಲದೆ ಇರಬೇಕು, ಅದರ ಜೊತೆಗೆ ಕೂತ ಬಗೆಯೂ ಸರಿ ಇರಬೇಕು. ಕೆಲವೇ ಕಡೆ ಆಸರೆ, ಉಳಿದ ಮೈಯೆಲ್ಲ ಗಾಳಿಗೆ ಬಿಟ್ಟಿರಬೇಕು. ಆಗ ಅದು ಕಂಪಿಸುತ್ತದೆ. ಎತ್ತಿ ಒಯ್ದು ಅಂಗಳದಲ್ಲಿಟ್ಟರೆ ಆ ನಾದ ಹೋಯಿತು. ಹೊಸ ಶಿಲಾಯುಗದ ಆ ಜನ ಇಷ್ಟೆಲ್ಲ ಕಲ್ಲುಗಳ ನಡುವೆ ನಾದ ಕೊಡುವ ಬಂಡೆಗಳನ್ನು ಹುಡುಕಿಕೊಂಡರು, ಅದೇ ಜಾಗಕ್ಕೆ ಮತ್ತೆ ಮತ್ತೆ ಬಂದರು, ಅಲ್ಲೇ ಚಿತ್ರ ಕುಟ್ಟಿದರು. ಅವರು ಅಲ್ಲಿ ಯಾವ ಆಚರಣೆ ಮಾಡುತ್ತಿದ್ದರು, ಯಾರನ್ನು ಕರೆಯುತ್ತಿದ್ದರು ಎಂಬುದು ಊಹೆಯ ಮಾತು. ಆದರೆ ಅಷ್ಟು ಆಳದ ಗುಳಿ ಒಬ್ಬನ ಒಂದು ದಿನದ ಖುಷಿಯಿಂದ ಬೀಳುವುದಿಲ್ಲ. ತಲೆಮಾರುಗಳು ಕೈಯಿಂದ ಕೈಗೆ ಕಲಿಸಿವೆ. ಎಲ್ಲಿ ಬಡಿಯಬೇಕು, ಎಷ್ಟು ಬಡಿಯಬೇಕು ಎಂದು ಹಿರಿಯರು ತೋರಿಸಿರಬೇಕು, ಮಕ್ಕಳು ನೋಡಿ ಕಲಿತಿರಬೇಕು. ಜಗತ್ತಿನ ಅತಿ ಹಳೆಯ ಸಂಗೀತ ಶಿಬಿರಗಳಲ್ಲಿ ಒಂದು ಬ್ರೂಸ್‌ಪೇಟೆಯಿಂದ ಸೈಕಲ್ ಮೇಲೆ ಹೋಗಿ ಬರುವಷ್ಟು ದೂರದಲ್ಲಿದೆ ಎಂದು ನಾನು ನಂಬುತ್ತೇನೆ.

ಅದೇ ಗುಡ್ಡಗಳ ಸುತ್ತ ಗ್ರಾನೈಟ್ ಗಣಿಗಾರಿಕೆಯ ಪೆಟ್ಟು ಬಿದ್ದಿದೆ. ಬೋಯ್ವಿನ್ ಅವರು ಬರೆಯುವ ಹೊತ್ತಿಗೇ ಅಪಾಯ ಕಾಣುತ್ತಿತ್ತು. ಇಲ್ಲಿ ಬಂಡೆಯನ್ನು ಒಡೆಯುವುದೇ ಬೇಡ, ಪಕ್ಕದ ಸಿಡಿತಕ್ಕೆ ಅದು ಕೂತಲ್ಲಿಂದ ಒಂದಿಷ್ಟು ಜರುಗಿದರೂ ಸಾವಿರಾರು ವರ್ಷದ ಸ್ವರ ಸತ್ತುಹೋಗುತ್ತದೆ. ಇದನ್ನು ಕೇಳುತ್ತಿರುವ ಶಾಲಾ ಮೇಷ್ಟ್ರುಗಳಲ್ಲಿ ನನ್ನದೊಂದು ವಿನಂತಿ. ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ಆದರೆ ಬಡಿಯಲು ಬಿಡಬೇಡಿ. ತಿಳಿದವರೊಬ್ಬರು ಒಂದು ಸಲ ಮೆತ್ತಗೆ ತಟ್ಟಿ ಕೇಳಿಸಿದರೆ ಸಾಕು.

ಹಂಪಿಯ ವಿಜಯ ವಿಠ್ಠಲನ ಗುಡಿಯಲ್ಲಿ ಇದೇ ತಪ್ಪು ಆಗಿ ಹೋಗಿದೆ. ಅಲ್ಲಿಯ ರಂಗಮಂಟಪದ ಕಂಬಗಳು ನಿಮಗೆ ಗೊತ್ತು. ನಡುವಿನ ದೊಡ್ಡ ಕಂಬದ ಸುತ್ತ ಸಣ್ಣ ಸಣ್ಣ ಕಂಬಗಳನ್ನು ಒಂದೇ ಕಲ್ಲಿನಲ್ಲಿ ಕಡೆದು ಬಿಡಿಸಿದ್ದಾರೆ. ದಪ್ಪ ಬೇರೆ ಬೇರೆ, ನಾದವೂ ಬೇರೆ ಬೇರೆ. ಬಂದವರೆಲ್ಲ ಕಡ್ಡಿಯಿಂದ, ನಾಣ್ಯದಿಂದ, ಬೀಗದ ಕೈಯಿಂದ ಬಡಿದು ನೋಡಿದ್ದರಿಂದ ಕಲ್ಲು ಸವೆಯಿತು, ಪುರಾತತ್ವ ಇಲಾಖೆ ಬಡಿಯುವುದನ್ನು ನಿಲ್ಲಿಸಿತು. ಸರಿಯಾಗಿಯೇ ಮಾಡಿತು. ಕೇಳುವ ಪದ್ಧತಿ ಕಲಿಸದೆ ನಾದವನ್ನು ಜನರ ಕೈಗೆ ಕೊಟ್ಟರೆ ಆಗುವುದು ಇದೇ.

ಅದೇ ಗುಡಿಯ ಹತ್ತಿರ, ತುಂಗಭದ್ರೆಯ ದಂಡೆಗೆ ಪುರಂದರ ಮಂಟಪ ಇದೆ. ಪುಷ್ಯ ಬಹುಳ ಅಮಾವಾಸ್ಯೆಗೆ ಅಲ್ಲಿ ದಾಸರ ಆರಾಧನೆ. ಹೊಳೆ ತುಂಬಿದಾಗ ಮಂಟಪದೊಳಗೆ ನೀರು ಹೊಗುತ್ತದೆ, ಇಳಿದಾಗ ಕಂಬಗಳ ಬುಡಕ್ಕೆ ಕೆಸರು ಅಂಟಿರುತ್ತದೆ. ಪುರಂದರದಾಸರನ್ನು ನಾವು ಹಾಡು ಕಟ್ಟಿದವರು ಎಂದು ನೆನೆಯುತ್ತೇವೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅವರು ಪಾಠ ಕಟ್ಟಿದವರು ಎಂಬುದು. ಮಾಯಾಮಾಳವಗೌಳದಲ್ಲಿ ಸರಳೆ, ಜಂಟಿ, ಅಲಂಕಾರ, ಆಮೇಲೆ ಪಿಳ್ಳಾರಿ ಗೀತೆ, ಈ ಕ್ರಮವನ್ನು ಹಾಕಿಕೊಟ್ಟವರು ಅವರೇ ಎಂದು ಪರಂಪರೆ ಹೇಳುತ್ತದೆ. ಮಾಯಾಮಾಳವಗೌಳವನ್ನೇ ಯಾಕೆ ಹಿಡಿದರು ನೋಡಿ. ಅದರಲ್ಲಿ ಮೇಲಿನ ನಾಲ್ಕು ಸ್ವರ ಕೆಳಗಿನ ನಾಲ್ಕರ ಹಾಗೆಯೇ ನಡೆಯುತ್ತವೆ. ಸರಿಗಮದಲ್ಲಿ ಹಿಡಿದ ಅಂತರವೇ ಪದನಿಸದಲ್ಲಿ ಮತ್ತೆ ಬರುತ್ತದೆ. ಹೊಸದಾಗಿ ಕಲಿಯುವ ಮಗು ಅರ್ಧ ಕಲಿತರೆ ಉಳಿದರ್ಧಕ್ಕೆ ಕಿವಿ ತಾನೇ ಸಿದ್ಧವಾಗಿರುತ್ತದೆ. ಬೀದಿಯಲ್ಲಿ ತಂಬೂರಿ ಹಿಡಿದು ನಡೆದವರು ಇಷ್ಟು ಸೂಕ್ಷ್ಮವಾಗಿ ಮಕ್ಕಳ ಬಗ್ಗೆ ಯೋಚಿಸಿದ್ದಾರೆ! ಚೆನ್ನೈಯಲ್ಲಿ, ಕ್ಲೀವ್‌ಲ್ಯಾಂಡಿನಲ್ಲಿ, ಸಿಂಗಪುರದಲ್ಲಿ ಇವತ್ತು ಬೆಳಿಗ್ಗೆ ಸರಳೆ ಹಾಡುವ ಮಗು ನಮ್ಮ ಹೊಳೆಯ ದಂಡೆಯ ಪಾಠವನ್ನೇ ಹಾಡುತ್ತಿದೆ. ಜಗತ್ತಿನ ಸಂಗೀತ ಎಂದರೆ ನನಗೆ ಮೊದಲು ನೆನಪಾಗುವುದು ಇದು.

ಹಂಪಿಗೆ ಜಗತ್ತು ಬಂದದ್ದು ಇನ್ನೊಂದು ಬಗೆ. 1986ರಲ್ಲಿ ಅದು ವಿಶ್ವ ಪರಂಪರೆಯ ತಾಣವಾಯಿತು. ಹೊಳೆಯಾಚೆ ವಿರೂಪಾಪುರ ಗಡ್ಡೆಯಲ್ಲಿ ವರ್ಷಗಟ್ಟಲೆ ಹೊರದೇಶದ ಹುಡುಗ ಹುಡುಗಿಯರು ಬಂದು ಉಳಿದರು. ಸಂಜೆ ಬಂಡೆಗಳ ಮೇಲೆ ಕೂತು ಗಿಟಾರು, ಕೊಳಲು, ಡೋಲು ನುಡಿಸುತ್ತಿದ್ದರು. ಸುಪ್ರೀಂ ಕೋರ್ಟಿನ ತೀರ್ಪಿನ ನಂತರ 2020ರಲ್ಲಿ ಅಲ್ಲಿಯ ವಸತಿಗೃಹಗಳನ್ನು ತೆರವು ಮಾಡಿದರು. ಆ ಕಟ್ಟಡಗಳ ನ್ಯಾಯ ಅನ್ಯಾಯ ಇಲ್ಲಿ ನನ್ನ ವಿಷಯವಲ್ಲ. ನನ್ನ ಮನಸ್ಸಿಗೆ ಕೊರೆಯುವುದು ಬೇರೆ. ಅಷ್ಟು ವರ್ಷ ಹೊಳೆಯ ಆ ದಂಡೆಯಲ್ಲಿ ಅವರು ನುಡಿಸಿದರು, ಈ ದಂಡೆಯ ಹಳ್ಳಿಗಳಲ್ಲಿ ನಮ್ಮವರು ಭಜನೆ ಮಾಡಿದರು, ಒಬ್ಬರ ಪದ ಒಬ್ಬರಿಗೆ ಬರಲಿಲ್ಲ. ನಡುವೆ ಒಂದು ಹೊಳೆ ಮಾತ್ರ ಇತ್ತು. ದಾಟಿಸುವ ಬೆಳಗಿನ ಪಾಠ ಒಂದಿದ್ದರೆ ಸಾಕಿತ್ತು.

ಇಂಥ ಬೆರಕೆ ಆಗುವುದಿಲ್ಲ ಎನ್ನುವವರಿಗೆ ಬೆಂಗಳೂರಿನ ಒಂದು ಉದಾಹರಣೆ ಕೊಡುತ್ತೇನೆ. ಟಿ.ಎ.ಎಸ್. ಮಣಿ ಮತ್ತು ರಮಾಮಣಿ ದಂಪತಿಗಳ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಎಂಬ ಶಾಲೆ, ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆಗೂಡಿ 1983ರಲ್ಲಿ 'ಜ್ಯೋತಿ' ಎಂಬ ಧ್ವನಿಮುದ್ರಿಕೆ ಮಾಡಿತು. ಅದರಲ್ಲಿ ರಮಾಮಣಿಯವರ ಕಂಠ ಎಲ್ಲೂ ತನ್ನ ಶ್ರುತಿ ಬಿಟ್ಟು ಜರುಗುವುದಿಲ್ಲ, ಸ್ಯಾಕ್ಸೊಫೋನ್ ಎಲ್ಲೂ ಅವರ ಮೇಲೆ ಏರಿ ಹೋಗುವುದಿಲ್ಲ. ಮರಿಯಾನೊ ಬಂದು ಒಂದು ಸಂಜೆ ನುಡಿಸಿ ಹೋದವರಲ್ಲ, ನಮ್ಮ ಸಂಗೀತವನ್ನು ಕೂತು ಕಲಿತವರು. ಅದಕ್ಕೇ ಆ ಮುದ್ರಿಕೆ ಇವತ್ತಿಗೂ ಕೇಳುವ ಹಾಗಿದೆ. ಮೊರಾಕೊ ದೇಶದ ಫೆಸ್ ನಗರದಲ್ಲಿ 1994ರಿಂದ ಜಗತ್ತಿನ ಪವಿತ್ರ ಸಂಗೀತದ ಉತ್ಸವ ನಡೆಯುತ್ತಿದೆ. ಅಲ್ಲೂ ಟಿಕೆಟ್ಟಿನ ದೊಡ್ಡ ಕಛೇರಿಗಳ ಪಕ್ಕದಲ್ಲಿ ಊರವರಿಗೆಲ್ಲ ತೆರೆದಿಟ್ಟ ಸೂಫಿ ರಾತ್ರಿಗಳಿಗೇ ಜನ ಮುಗಿಬೀಳುತ್ತಾರೆ. ನಮ್ಮ ದೇಶದ ಸ್ಪಿಕ್ ಮೆಕೆ ಸಂಸ್ಥೆ, 1977ರಲ್ಲಿ ಕಿರಣ್ ಸೇಠ್ ಹುಟ್ಟುಹಾಕಿದ್ದು, ತನ್ನ ಸಮಾವೇಶಗಳಲ್ಲಿ ಬೆಳಿಗ್ಗೆ ಯೋಗ, ಹಗಲೆಲ್ಲ ಒಬ್ಬೊಬ್ಬ ಗುರುವಿನ ಹತ್ತಿರ ಕಲಿಕೆ, ಸಂಜೆ ಕಛೇರಿ ಎಂಬ ಕ್ರಮವನ್ನು ಬಿಡದೆ ಇಟ್ಟುಕೊಂಡಿದೆ. ವಿದ್ಯಾರ್ಥಿಗಳು ಅಲ್ಲೇ ಉಳಿಯುತ್ತಾರೆ, ಕಸ ಗುಡಿಸುವುದರಲ್ಲೂ ಕೈಹಾಕುತ್ತಾರೆ.

ಆದರೆ ನಿಜವಾದ ಮಾದರಿ ಬೇಕೆಂದರೆ ಅಷ್ಟು ದೂರ ಹೋಗುವುದೇ ಬೇಡ. ಬಳ್ಳಾರಿ ಸ್ಟೇಷನ್ನಿನಲ್ಲಿ ರೈಲು ಹತ್ತಿ, ಹೊಸಪೇಟೆ, ಕೊಪ್ಪಳ ದಾಟಿದರೆ ಗದಗ. ಅಲ್ಲಿ ವೀರೇಶ್ವರ ಪುಣ್ಯಾಶ್ರಮ.

ಪಂಚಾಕ್ಷರ ಗವಾಯಿಗಳು 1892ರಲ್ಲಿ ಹುಟ್ಟಿದವರು, ಕಣ್ಣಿಲ್ಲದವರು. ಹಾನಗಲ್ ಕುಮಾರಸ್ವಾಮಿಗಳು ಅವರ ಕೈಹಿಡಿದರು. ಕರ್ನಾಟಕ ಸಂಗೀತವನ್ನೂ ಹಿಂದೂಸ್ತಾನಿಯನ್ನೂ ಕಲಿತು, ತಮ್ಮ ಹಾಗೆಯೇ ಕಣ್ಣಿಲ್ಲದ, ಗತಿಯಿಲ್ಲದ ಹುಡುಗರನ್ನು ಕಟ್ಟಿಕೊಂಡು ಊರೂರು ತಿರುಗಿದರು. ಕಡೆಗೆ ಗದಗದಲ್ಲಿ ನೆಲೆ ನಿಂತರು. 1944ರಲ್ಲಿ ಅವರು ತೀರಿಕೊಂಡ ಮೇಲೆ ಶಿಷ್ಯ ಪುಟ್ಟರಾಜ ಗವಾಯಿಗಳು ಆ ಭಾರ ಹೊತ್ತರು. ಅವರೂ ಅಂಧರೇ. 2010ರಲ್ಲಿ ಪದ್ಮಭೂಷಣ ಬಂದ ವರ್ಷವೇ ಅವರು ಲಿಂಗೈಕ್ಯರಾದರು. ಅಲ್ಲಿವರೆಗೆ, ಅಂದರೆ ಅರವತ್ತು ವರ್ಷಕ್ಕೂ ಮಿಕ್ಕಿ, ಒಂದು ಹೊತ್ತಿನ ಊಟವೂ ತಪ್ಪದ ಹಾಗೆ ಆ ಮಕ್ಕಳನ್ನು ಸಾಕಿದರು. ಅದಕ್ಕಾಗಿ ನಾಟಕ ಕಂಪನಿ ನಡೆಸಿದರು. ಭಕ್ತರು ಊರೂರಲ್ಲಿ ಮಾಡಿದ ತುಲಾಭಾರದ ನಾಣ್ಯಗಳೆಲ್ಲ ಆಶ್ರಮದ ಅಡುಗೆಮನೆಗೆ ಹೋದವು. ನಮ್ಮ ಬಳ್ಳಾರಿ, ರಾಯಚೂರು ಕಡೆಯ ಎಷ್ಟೋ ಹಳ್ಳಿಗಳಲ್ಲಿ ಪುರಾಣ ಪ್ರವಚನಕ್ಕೆ ಹಾರ್ಮೋನಿಯಂ, ತಬಲ ಸಾಥಿಗೆ ಕೂಡುವವರನ್ನು ಕೇಳಿ ನೋಡಿ: "ನಾವು ಗದಗಿನ ಅಜ್ಜಾರ ಕಡೆಯವರ್ರಿ" ಎನ್ನುತ್ತಾರೆ.

ಅಲ್ಲಿ ಒಂದು ತಬಲ ಪಾಠ ನೋಡಿದ್ದೇನೆ. ಕಲಿಸುವವರಿಗೂ ಕಣ್ಣಿಲ್ಲ, ಕಲಿಯುವ ಹುಡುಗನಿಗೂ ಕಣ್ಣಿಲ್ಲ. ಗುರು ತನ್ನ ಕೈಯನ್ನು ಹುಡುಗನ ಕೈಯ ಮೇಲಿಟ್ಟು, ಅವನ ತೋರುಬೆರಳನ್ನು ಹಿಡಿದು ಬಲಗೈ ತಬಲದ ಅಂಚಿಗೆ ತಂದರು. 'ನಾ' ಅಲ್ಲಿ ಹುಟ್ಟುತ್ತದೆ. ಹುಡುಗ ಬಡಿದ, ಸದ್ದು ಮೊಂಡಾಗಿ ಬಂತು. ಗುರು ಏನೂ ಹೇಳದೆ ಅವನ ಮಣಿಕಟ್ಟನ್ನು ಒಂದು ಎಳ್ಳಷ್ಟು ಎತ್ತಿದರು. ಮತ್ತೆ ಬಡಿದ. ಈ ಸಲ ಸ್ಪಷ್ಟವಾಗಿ ಬಂತು. ಇಬ್ಬರ ಮುಖವೂ ಒಟ್ಟಿಗೆ ಅರಳಿತು. ಒಬ್ಬರ ಮುಖ ಒಬ್ಬರಿಗೆ ಕಾಣದು, ಆದರೆ ಅರಳಿದ್ದು ಇಬ್ಬರಿಗೂ ಗೊತ್ತಾಯಿತು. ಅಧ್ಯಾತ್ಮ ಎಂದು ಬೇರೆ ಹೊತ್ತಿಗೆ ಬೇರೆ ಚಾಪೆ ಹಾಸಿ ಕಲಿಸಬೇಕಾದ್ದು ಏನಿದೆ? ನನಗಂತೂ ಅದು ಆ ಮಣಿಕಟ್ಟಿನ ಹತ್ತಿರವೇ ಕಂಡಿತು. ಜೊತೆಯಲ್ಲಿ ಉಳಿಯುವುದು, ಜೊತೆಯಲ್ಲಿ ಉಣ್ಣುವುದು, ಇನ್ನೊಬ್ಬನ ಸ್ವರ ಸರಿ ಬರುವವರೆಗೆ ಕಾಯುವುದು. ಶಿಬಿರ ಎಂದು ಹೆಸರಿಟ್ಟುಕೊಂಡವರು ಇಷ್ಟನ್ನು ಐದು ದಿನದ ಮಟ್ಟಿಗಾದರೂ ಮಾಡಲಿ ಎಂದು ನಾನು ಬಯಸುತ್ತೇನೆ.

ಈಗ ನಮ್ಮ ಊರಿನ ಮಾತಿಗೆ ಬರುತ್ತೇನೆ. ಬ್ರೂಸ್‌ಪೇಟೆಯಲ್ಲಿ ಶ್ರುತಿ ಕೇಳಿಸಿಕೊಳ್ಳುವುದು ಸುಲಭವಲ್ಲ. ಬೆಂಗಳೂರು ರಸ್ತೆಯ ಅಂಗಡಿಗಳು, ಆಟೋಗಳು, ಜೀನ್ಸ್ ಹೊಲಿಯುವ ಯಂತ್ರಗಳು, ಗಣಿ ಲಾರಿಗಳ ಕಾಲದಿಂದ ಅಭ್ಯಾಸವಾದ ಹಾರ್ನು. ಆದರೂ ಶ್ರಾವಣದಲ್ಲಿ ಒಂದು ರಾತ್ರಿ ಓಣಿಯೊಳಗೆ ನಡೆದು ಬನ್ನಿ. ಯಾವುದೋ ಗುಡಿಯ ಪಡಸಾಲೆಯಲ್ಲಿ ಹತ್ತು ಹನ್ನೆರಡು ಜನ ಕೂತಿರುತ್ತಾರೆ. ಒಬ್ಬ ಗೌಂಡಿ, ಒಬ್ಬ ಕಿರಾಣಿ ಅಂಗಡಿಯವನು, ಒಬ್ಬ ನಿವೃತ್ತ ಗುಮಾಸ್ತ. ಹಾರ್ಮೋನಿಯಂ, ದಮ್ಮಡಿ, ತಾಳ. ಮುಂದಿನವನು ಪದ ಎತ್ತುತ್ತಾನೆ, ಹಿಂದಿನವರು ಹಿಡಿಯುತ್ತಾರೆ. ಶಿಶುನಾಳ ಶರೀಫರದ್ದು, ಕಡಕೋಳ ಮಡಿವಾಳಪ್ಪನವರದ್ದು, ದಾಸರದ್ದು, ನಡುವೆ ಒಂದು ತೆಲುಗು ಕೀರ್ತನೆ. ಮುಂದಿನವನ ದನಿ ಬಿದ್ದರೆ ಯಾರೂ ಮುಖ ನೋಡುವುದಿಲ್ಲ, ಹಿಂದಿನವರೇ ಅದನ್ನು ಎತ್ತಿ ನಡೆಸುತ್ತಾರೆ. ಹೊಸಬನೊಬ್ಬ ಹೋಗಿ ಕೂತರೆ ಮೊದಲು ಅವನ ಕೈಗೆ ತಾಳ ಬರುತ್ತದೆ. ಯಾರು, ಏನು, ಯಾವ ಜಾತಿ ಎಂದು ಕೇಳುವುದಕ್ಕೆ ಮುಂಚೆ ತಾಳ ಬರುತ್ತದೆ. ಮೊಹರಮ್ಮಿನಲ್ಲಿ ಹಳ್ಳಿಗಳ ರಿವಾಯತ್ ಪದಗಳೂ ಹೀಗೆಯೇ: ಹಸೇನ್ ಹುಸೇನರ ಕಥೆಯನ್ನು ಹೆಜ್ಜೆ ಹಾಕುತ್ತ ಹಾಡುವ ಮೇಳದಲ್ಲಿ ಅರ್ಧಕ್ಕರ್ಧ ನಮ್ಮ ಲಿಂಗಾಯತ, ಕುರುಬ, ವಾಲ್ಮೀಕಿ ಹುಡುಗರು. ಹೊರದೇಶದಿಂದ ಬಂದ ಒಬ್ಬ ಹುಡುಗಿಗೆ ಇಲ್ಲಿ ತಾಳ ಕೊಟ್ಟು ಕೂರಿಸಿದರೆ, ಅವಳು ಯಾವ ದೊಡ್ಡ ಹೋಟೆಲಿನ ಅಂಗಳದಲ್ಲೂ ಕಲಿಯಲಾಗದ್ದನ್ನು ಕಲಿತು ಹೋಗುತ್ತಾಳೆ.

ಬಳ್ಳಾರಿಗೆ ಗುರುಗಳ ಕೊರತೆ ಎಂದೂ ಇರಲಿಲ್ಲ. ನಟ ಬಳ್ಳಾರಿ ರಾಘವರ ಹೆಸರಿನ ಕಲಾಮಂದಿರ ಊರ ನಡುವೆ ಇದೆ. ಜೋಳದರಾಶಿ ದೊಡ್ಡನಗೌಡರು ಗಮಕ ಹೇಳಲು ಕೂತರೆ ಹೊಲದಿಂದ ಬಂದವನಿಗೂ ಹಳಗನ್ನಡ ಅರ್ಥವಾಗುತ್ತಿತ್ತು ಎಂದು ಕೇಳಿದವರು ಈಗಲೂ ಹೇಳುತ್ತಾರೆ. ರಂಗಗೀತೆಗೆ ಸುಭದ್ರಮ್ಮ ಮನ್ಸೂರ್ ಇದ್ದರು. ಸಂಡೂರು ಸೀಮೆಯ ದರೋಜಿ ಈರಮ್ಮನವರ ಬಗ್ಗೆ ಮಾತ್ರ ಒಂದಿಷ್ಟು ಹೆಚ್ಚು ಹೇಳಬೇಕು. ಬುರ್ರಕಥೆಯ ಈರಮ್ಮ ಅಕ್ಷರ ಕಲಿತವರಲ್ಲ. ಅಲೆಮಾರಿ ಬುಡ್ಗ ಜಂಗಮರ ಮಗಳು. ಕುಮಾರರಾಮನ ಕಥೆಯಂಥ, ರಾತ್ರಿಗಟ್ಟಲೆ ಹಾಡುವ ಕಾವ್ಯಗಳು ಒಂದೆರಡಲ್ಲ, ಹತ್ತಕ್ಕೂ ಮೇಲೆ ಅವರ ನಾಲಗೆಯ ಮೇಲಿದ್ದವು. ಪಕ್ಕದಲ್ಲಿ ದಿಮ್ಮಿ ನುಡಿಸುವ ಹೆಂಗಸರು ಸೊಲ್ಲು ಹಿಡಿದರೆ ಕಥೆ ಮುಂದಕ್ಕೆ ಹೋಗುತ್ತಿತ್ತು. ಹಂಪಿ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ಕೊಟ್ಟಿತು. ಅವರು ಹೇಳಿದ ಕಾವ್ಯಗಳು ಪುಸ್ತಕಗಳಾದವು. 2014ರಲ್ಲಿ ಅವರು ತೀರಿಕೊಂಡರು. ಪುಸ್ತಕ ಉಳಿದಿದೆ, ಆದರೆ ದಿಮ್ಮಿಯ ಯಾವ ಪೆಟ್ಟಿಗೆ ಯಾವ ಸಾಲು ತಿರುಗುತ್ತಿತ್ತು ಎಂಬುದು ಪುಸ್ತಕದಲ್ಲಿಲ್ಲ. ಅದನ್ನು ಅವರ ಪಕ್ಕದಲ್ಲಿ ಕೂತೇ ಕಲಿಯಬೇಕಿತ್ತು. ನಾವು ಅವರನ್ನು ಎಷ್ಟು ವೇದಿಕೆಗಳ ಮೇಲೆ ನಿಲ್ಲಿಸಿ ಶಾಲು ಹೊದಿಸಿದೆವು! ಎಷ್ಟು ಬೆಳಿಗ್ಗೆ ಅವರ ಮುಂದೆ ಮಕ್ಕಳನ್ನು ಕೂರಿಸಿದೆವು? ಈ ಪ್ರಶ್ನೆ ನನ್ನನ್ನು ಬಿಡುವುದಿಲ್ಲ.

ಹಾಗಾಗಿ ನನ್ನದೊಂದು ಸೂಚನೆ ಇದೆ. ಪುರಂದರದಾಸರ ಆರಾಧನೆಗೆ ಮುಂಚಿನ ನಾಲ್ಕು ದಿನ ನಮ್ಮ ಎರಡು ಜಿಲ್ಲೆಗಳ ನಡುವೆ ಒಂದು ಶಿಬಿರ ಕೂಡಲಿ. ಚಳಿ ಇರುತ್ತದೆ, ಬಿಸಿಲು ಇನ್ನೂ ಬಲಿತಿರುವುದಿಲ್ಲ, ಹೊಲದ ಕೆಲಸವೂ ಒಂದಿಷ್ಟು ಹಗುರ. ಹೊರದೇಶದವರೂ ಆ ಹೊತ್ತಿಗೇ ಹಂಪಿಗೆ ಹೆಚ್ಚಾಗಿ ಬರುತ್ತಾರೆ. ಮೊದಲ ಬೆಳಿಗ್ಗೆ ಯಾರೂ ಹಾಡುವುದು ಬೇಡ. ಎಲ್ಲರೂ ತಂಬೂರಿ ಶ್ರುತಿ ಮಾಡುವುದನ್ನು ಕಲಿಯಲಿ. ಪಂಚಮ, ಎರಡು ಸಾರಣಿ, ಮಂದ್ರ. ತಂತಿಯ ಅಡಿಗೆ ಕುದುರೆಯ ಮೇಲೆ ಒಂದು ಹತ್ತಿಯ ನೂಲು ಇರುತ್ತದಲ್ಲ, ಜೀವಾಳ, ಅದನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಬೇಕು. ಒಂದು ಜಾಗದಲ್ಲಿ ತಂತಿ ಬರಿದೇ ಟಿಣ್ ಎನ್ನುತ್ತದೆ, ಇನ್ನೊಂದರಲ್ಲಿ ಕರಕರ ಎನ್ನುತ್ತದೆ. ಎರಡರ ನಡುವೆ ಒಂದು ಕಡೆ ನೂಲು ಕೂತಾಗ ತಂತಿಯ ನಾದ ಬಿಚ್ಚಿಕೊಂಡು ಒಂದರೊಳಗಿಂದ ಇನ್ನೊಂದು ಸ್ವರ ಏಳತೊಡಗುತ್ತದೆ. ಆಫ್ರಿಕದವರಿಗಾಗಲಿ, ಜಪಾನಿನವರಿಗಾಗಲಿ, ಕುರುಗೋಡಿನ ಹೈಸ್ಕೂಲ್ ಹುಡುಗನಿಗಾಗಲಿ, ಆ ಕ್ಷಣ ಹಿಡಿಯುವುದಕ್ಕೆ ಭಾಷೆ ಬೇಕಿಲ್ಲ, ಕಿವಿ ಇದ್ದರೆ ಆಯಿತು. ಅದಾದ ಮೇಲೆ ಭಜನೆಯವರು, ರಿವಾಯತ್ತಿನವರು, ದಿಮ್ಮಿಯವರು ಒಬ್ಬೊಬ್ಬರೂ ಸಣ್ಣ ಗುಂಪುಗಳಿಗೆ ಕಲಿಸಲಿ. ಹೊರಗಿನಿಂದ ಬಂದವರು ತಮ್ಮ ವಾದ್ಯವನ್ನು ನಮ್ಮ ಹುಡುಗರಿಗೆ ಕಲಿಸಲಿ. ಒಂದು ದಿನ ಸಂಗನಕಲ್ಲಿಗೆ ಹೋಗಲಿ. ಸಂಜೆಯ ಕಛೇರಿಗೆ ಧ್ವನಿವರ್ಧಕ ಇಲ್ಲದೆ ಕೇಳಿಸುವಷ್ಟೇ ಜನ ಕೂಡಲಿ. ಕೊನೆಯ ದಿನ ಎಲ್ಲರೂ ಹೊಳೆಯ ದಂಡೆಯ ಮಂಟಪಕ್ಕೆ ಹೋಗಿ, ಕಲಿತದ್ದನ್ನು ದಾಸರ ಮುಂದೆ ಹಾಡಲಿ.

ಇದಕ್ಕೆ ದುಡ್ಡು ಎಲ್ಲಿಂದ ಎಂದು ಕೇಳುವವರಿದ್ದಾರೆ. ನನ್ನ ಲೆಕ್ಕದಲ್ಲಿ ದೊಡ್ಡ ವೇದಿಕೆ, ದೀಪ, ಧ್ವನಿವರ್ಧಕ ತೆಗೆದ ಮೇಲೆ ಉಳಿಯುವ ಖರ್ಚು ಊಟ, ಹಾಸಿಗೆ, ಗುರುಗಳ ಸಂಭಾವನೆ. ಅದರಲ್ಲಿ ಸಂಭಾವನೆಗೆ ಮಾತ್ರ ಕೈ ಬಿಗಿ ಮಾಡಬಾರದು. ಭಜನೆಯ ಗೌಂಡಿ ನಾಲ್ಕು ದಿನ ಕಲಿಸಲು ಬಂದರೆ ಅವನ ನಾಲ್ಕು ದಿನದ ಕೂಲಿ ಹೋಗುತ್ತದೆ. ಅವನಿಗೂ ಸಿತಾರಿನವರಿಗೂ ಒಂದೇ ಗೌರವ, ಒಂದೇ ಸಂಭಾವನೆ ಸಲ್ಲಬೇಕು. ಊಟದ ಚಿಂತೆ ನನಗಿಲ್ಲ. ಮಠಗಳ ದಾಸೋಹ ಇರುವ ನಾಡಿನಲ್ಲಿ, ಸೋನಾ ಮಸೂರಿ ಬೆಳೆಯುವ ಸಿರುಗುಪ್ಪದ ರೈತರು ಇರುವ ಸೀಮೆಯಲ್ಲಿ, ನೂರು ಜನಕ್ಕೆ ನಾಲ್ಕು ದಿನ ಅನ್ನ ಸಾಂಬಾರಿಗೆ ಯಾರೂ ಇಲ್ಲ ಎನ್ನುವುದಿಲ್ಲ.

ವಯೊಲಿನ್ ಕಲಿಯುವ ಆ ಹುಡುಗಿಯ ತಾಯಿಗೆ ಇದನ್ನೂ ಹೇಳಿದೆ. "ಅಂಥದ್ದು ನಮ್ಮೂರಾಗ ಆದ್ರ ನಾನೂ ಬರ್ತೀನ್ರಿ, ಅಡಿಗಿ ನಮ್ಮ ಓಣಿ ಹೆಣ್ಮಕ್ಕಳು ನೋಡ್ಕೊಂತಾರ. ಆದ್ರ ಬೆಳಿಗ್ಗೆ ಪಾಠದಾಗ ನಮಗೂ ಕುಂದ್ರಾಕ ಜಾಗ ಕೊಡ್ಬೇಕು" ಎಂದರು. ಆ ಮಾತನ್ನು ನಾನು ಬರೆದಿಟ್ಟುಕೊಂಡಿದ್ದೇನೆ. ಶಿಬಿರದ ಯೋಜನೆ ಹಾಕುವವರು ಯಾರೇ ಇರಲಿ, ಅಡುಗೆ ಬೇಗ ಮುಗಿಯುವ ಹಾಗೆ ನೋಡಿಕೊಂಡು, ಬೆಳಗಿನ ಪಾಠವನ್ನು ಒಂದು ಗಂಟೆ ತಡವಾಗಿ ಶುರು ಮಾಡಲಿ.